ಅಂಗಿಯ ತೋಳು ಮೇಲೆತ್ತಿ ಸ್ವಾಮಿ

ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ಊರು. ಅಲ್ಲಿನ ಕೋರ್ಟಿನಲ್ಲಿ ಅಬ್ಬಾ ದೊಲ್ಲಾ ಎಂಬ ವ್ಯಾಪಾರಿ ನಿಂತಿದ್ದಾನೆ. ಹುಟ್ಟಿದ್ದು ಕಲ್ಕತ್ತೆಯಲ್ಲಿ, ಮೂಲ ಅಫ್ಘಾನಿಸ್ತಾನ. ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದ್ದಾನೆ. ಜಡ್ಜ್ ಸಾಹೇಬರು ಆತನ ಮುಖ ನೋಡಿದರು, ಸಮಾಧಾನವಾಗಲಿಲ್ಲ. ಅಂಗಿಯ ತೋಳು ಮೇಲೆತ್ತು ಅಂದರು. ಬಿಸಿಲು ಬೀಳದ ಜಾಗದಲ್ಲಿ ಚರ್ಮ ಬೆಳ್ಳಗಿತ್ತು, ಒಳಗಿನ ನೀಲಿ ನರ ಕಾಣುತ್ತಿತ್ತು. ಸರಿ, ಬಿಳಿಯನೇ! ಸಾಲದ್ದಕ್ಕೆ ಬಿಳಿಯರಿಗೆ ಮಾತ್ರ ಮೀಸಲಾದ ಸ್ಮಶಾನದಲ್ಲಿ ಆತ ಒಂದು ತುಂಡು ಜಾಗವನ್ನೂ ಕೊಂಡಿಟ್ಟಿದ್ದ. ಬದುಕುವ ಹಕ್ಕಿಗೆ ಹೂಳುವ ಜಾಗ ಸಾಕ್ಷಿ ಹೇಳಿತು. ಸರ್ಕಾರ ಸುಮ್ನಿರದೆ ಮೇಲ್ಮನವಿ ಹಾಕಿತು. 1910ರಲ್ಲಿ ಅದು ವಜಾ ಆಯಿತು.

ಈ ಪರೀಕ್ಷೆ ಶುರುವಾದದ್ದು 1790ರ ಕಾನೂನಿನಿಂದ. ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯ’ರಿಗೆ ಮಾತ್ರ ಪೌರತ್ವ ಅಂತ ಬರೆದರು. ಎಷ್ಟು ಬಿಳಿ ಅಂತ ಬರೆಯಲು ಮರೆತರು. 1870ರಲ್ಲಿ ಆಫ್ರಿಕಾ ಮೂಲದವರಿಗೂ ಬಾಗಿಲು ತೆರೆಯಿತು. ಚೀನಾದವರ ವಿಷಯದಲ್ಲಿ ಗೊಂದಲವೇ ಬೇಡ ಅಂತ 1882ರಲ್ಲಿ ಹೆಸರು ಹಿಡಿದೇ ಬಾಗಿಲು ಹಾಕಿದರು. ಉಳಿದ ಏಷ್ಯಾದವರು ಬಹುತೇಕ ಎಲ್ಲರೂ ಹೋಗಿ ತಟ್ಟಿದ್ದು ಬಿಳಿ ಬಾಗಿಲನ್ನೇ. ಯಾಕೆ ಅಂತ ನಾವು ಯಾರನ್ನೂ ಕೇಳಬೇಕಾಗಿಲ್ಲ, ಅಲ್ವಾ?

ಸಿರಿಯಾದಿಂದ ಬಂದ ಜಾರ್ಜ್ ಡೌ 1914ರಲ್ಲಿ ಬಿಳಿಯನಲ್ಲ. ಇನ್ನೊಮ್ಮೆ ನೋಡಿ ಸ್ವಾಮಿ ಅಂದ. ನೋಡಿದರು, ಆಗಲೂ ಅಲ್ಲ. 1915ರಲ್ಲಿ ಮೇಲಿನ ಕೋರ್ಟಿಗೆ ಹೋದರೆ ಬಿಳಿಯ. ನಡುವೆ ಆತ ಸೋಪು ಬದಲಾಯಿಸಿದ ದಾಖಲೆಯೇನೂ ಇಲ್ಲ.

ನಿಜವಾದ ಮಜಾ ಇರುವುದು ಸುಪ್ರೀಂ ಕೋರ್ಟಿನಲ್ಲಿ. ಜಪಾನಿನ ಟಕಾವೊ ಒಝಾವಾ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದಿದವನು. ಮನೆಯಲ್ಲಿ ಇಂಗ್ಲಿಷ್, ಮಕ್ಕಳಿಗೆ ಅಮೆರಿಕದ ಶಾಲೆ, ಭಾನುವಾರ ಚರ್ಚು. ನನ್ನ ಚರ್ಮವೂ ಬೆಳ್ಳಗಿದೆ ಅಂತ ವಾದಿಸಿದ. 1922ರ ನವೆಂಬರ್ 13ರಂದು ತೀರ್ಪು ಬಂತು: ಚರ್ಮ ಕಟ್ಟಿಕೊಂಡು ಏನು ಮಾಡೋಣ, ಬಿಳಿಯ ಅಂದರೆ ಕಕೇಶಿಯನ್ ಜನಾಂಗ (ಯುರೋಪಿನವರನ್ನೂ ಆಸುಪಾಸಿನವರನ್ನೂ ಸೇರಿಸಿ ಜನಾಂಗಶಾಸ್ತ್ರದ ಪಂಡಿತರು ಇಟ್ಟ ಹೆಸರು), ನೀನು ಅದಲ್ಲ.

ಅಮೃತಸರದ ಭಗತ್ ಸಿಂಗ್ ಥಿಂಡ್‌ಗೆ ಇದು ವರವಾಗಿ ಕಂಡಿರಬೇಕು. ಪಂಜಾಬಿನವರು ಕಕೇಶಿಯನ್ನರು ಅಂತ ಆ ಕಾಲದ ಪಂಡಿತರೇ ಬರೆದಿದ್ದರು. ಆತ ಪೇಟ ಸುತ್ತಿಕೊಂಡೇ ಅಮೆರಿಕದ ಸೈನ್ಯದಲ್ಲಿದ್ದ ಸಿಖ್. ಕೋರ್ಟಿನ ಕಡತದಲ್ಲಿ ಮಾತ್ರ ‘ಮೇಲ್ಜಾತಿ ಹಿಂದೂ’. ಆತನ ಪರವಾಗಿ ಮಂಡಿಸಿದ ವಾದ ಕೇಳಿ: ಮದುವೆ ಸಂಬಂಧದ ವಿಷಯದಲ್ಲಿ ನೀವು ಕರಿಯರನ್ನು ನೋಡುವ ಹಾಗೆಯೇ ನಾವು ನಮ್ಮ ದೇಶದ ಮೂಲನಿವಾಸಿಗಳನ್ನು ನೋಡುತ್ತೇವೆ! ಜಾತಿಯನ್ನೂ ಹಡಗು ಹತ್ತಿಸಿ, ಸರ್ಟಿಫಿಕೇಟ್ ಮಾಡಿ, ಜಡ್ಜ್ ಮುಂದೆ ಇಟ್ಟರು.

ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಂಡದ್ದೇ ಬಂತು. 1923ರ ಫೆಬ್ರವರಿ 19, ಒಝಾವಾ ತೀರ್ಪು ಬಂದು ಮೂರು ತಿಂಗಳು ಚಿಲ್ಲರೆ ಕಳೆದಿತ್ತು ಅಷ್ಟೆ. ಕಕೇಶಿಯನ್ ಇರಬಹುದಪ್ಪಾ, ಆದರೆ ಬಿಳಿಯ ಯಾರು ಅಂತ ಜನಸಾಮಾನ್ಯನಿಗೆ ಗೊತ್ತು, ಪಂಡಿತರು ಬೇಕಿಲ್ಲ ಅಂತು ಕೋರ್ಟು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಒಝಾವಾಗೆ ಕಣ್ಣು ಮುಚ್ಚಿ ಪುಸ್ತಕ ತೆರೆದರು, ಥಿಂಡ್‌ಗೆ ಪುಸ್ತಕ ಮುಚ್ಚಿ ಕಣ್ಣು ತೆರೆದರು. ಎರಡೂ ತೀರ್ಪು ಬರೆದವರು ಒಬ್ಬರೇ, ಜಸ್ಟಿಸ್ ಜಾರ್ಜ್ ಸದರ್ಲೆಂಡ್. ಅವರು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅವರ ತೋಳನ್ನು ಯಾರೂ ಮೇಲೆತ್ತಿಸಲಿಲ್ಲ.

ಹೆಂಗಸರಿಗೆ ಬಣ್ಣವೂ ಸಾಲುತ್ತಿರಲಿಲ್ಲ. 1907ರ ಕಾನೂನಿನ ಪ್ರಕಾರ ಪರದೇಶದವನನ್ನು ಮದುವೆಯಾದ ಅಮೆರಿಕದ ಹೆಣ್ಣಿನ ಪೌರತ್ವ ಹೋಗುತ್ತಿತ್ತು. ಎಥೆಲ್ ಮೆಕೆಂಝಿ ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದವಳು, ಬಿಳಿಯಳು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರೆ, ನಿನ್ನ ಗಂಡ ಬ್ರಿಟಿಷ್, ನೀನೂ ಹೊರಗಿನವಳು ಅಂದರು. 1915ರಲ್ಲಿ ಸುಪ್ರೀಂ ಕೋರ್ಟೂ ತಲೆಯಾಡಿಸಿತು. ತಾಳಿ ಇಲ್ಲದ ದೇಶದಲ್ಲೂ ತಾಳಿಯ ಮಹಿಮೆ ಇಷ್ಟಿತ್ತು!

1946ರಲ್ಲಿ ಭಾರತೀಯರಿಗೆ ಪೌರತ್ವ ಸಿಕ್ಕಿತು, ಜತೆಗೆ ವರ್ಷಕ್ಕೆ 100 ಜನರ ಕೋಟಾ. 1952ರಲ್ಲಿ ಬಣ್ಣದ ಷರತ್ತೇ ಹೋಯಿತು. ಈಗ ಯಾರೂ ಅಂಗಿ ಮುಟ್ಟುವುದಿಲ್ಲ, ಎಲ್ಲಿ ಹುಟ್ಟಿದೆ ಅಂತ ಕೇಳುತ್ತಾರೆ ಅಷ್ಟೆ. ಉದ್ಯೋಗದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಸಾಮಾನ್ಯವಾಗಿ ಶೇ. 7ರ ಮಿತಿ. ಸುಮಾರು 4 ಲಕ್ಷ ಜನರ ಐಸ್‌ಲ್ಯಾಂಡಿಗೂ 7, 140 ಕೋಟಿಯ ಭಾರತಕ್ಕೂ 7. ಎಂಥಾ ಸಮಾನತೆ! ಸರದಿ ಎಲ್ಲಿಗೆ ಬಂತು ಅಂತ ಪ್ರತಿ ತಿಂಗಳು ಒಂದು ತಾರೀಕು ಪ್ರಕಟಿಸುತ್ತಾರೆ. ಕೆಲವು ತಿಂಗಳು ಆ ತಾರೀಕು ಹಿಂದಕ್ಕೂ ನಡೆಯುತ್ತದೆ. ಬೇಸತ್ತು ಕೆನಡಾದ ಪ್ರಜೆಯಾದರೂ ಅಷ್ಟೆ. ಹುಟ್ಟಿದ್ದು ಭಾರತದಲ್ಲಾದರೆ ನಿಲ್ಲಬೇಕಾದ್ದು ಭಾರತದ ಸಾಲಿನಲ್ಲೇ.

ಒಂದು ಅಡ್ಡದಾರಿ ಇದೆ, ಅದೂ ಕಾನೂನುಬದ್ಧ. ಐಸ್‌ಲ್ಯಾಂಡಿನಲ್ಲಿ ಹುಟ್ಟಿದವರನ್ನು ಮದುವೆಯಾದರೆ ಅವರ ಸಾಲಿಗೆ ಜಿಗಿಯಬಹುದು. ಜಾತಕದಲ್ಲಿ ‘ಜನ್ಮಸ್ಥಳ’ ಅಂತ ಒಂದು ಕಾಲಂ ಇರುತ್ತದಲ್ವಾ, ಇಷ್ಟು ದಿನ ಅದನ್ನು ಜೋಯಿಸರು ಮಾತ್ರ ನೋಡುತ್ತಿದ್ದರು.