256 ಡಾಲರಿನ ಬಯೋ-ಭಯ

ಬಚ್ಚಲಿನ ಬಕೆಟ್ಟಿನ ಅಂಚಿಗೆ, ನಲ್ಲಿಯ ಬುಡಕ್ಕೆ ಗುಲಾಬಿ ಲೋಳೆ ಹಿಡಿದಿದ್ದರೆ ಮೊದಲು ಹೋಗಿ ಉಜ್ಜಿ ಬನ್ನಿ. ಅದು ಸೆರಾಷಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾ ಆಗಿರುವ ಸಂಭವ ಹೆಚ್ಚು. ಇದನ್ನು ಮನೆಯಲ್ಲಿಟ್ಟುಕೊಂಡ ತಪ್ಪಿಗೆ ಅಮೆರಿಕದ ಬಫಲೋದ ಕಲಾ ಪ್ರಾಧ್ಯಾಪಕ ಸ್ಟೀವ್ ಕರ್ಟ್ಜ್ ನಾಲ್ಕು ವರ್ಷ ಕೋರ್ಟು-ಕಚೇರಿ ಅಲೆದರು. ಅವರದ್ದು ಗಾಜಿನ ತಟ್ಟೆ. ನೀವು ಬಕೆಟ್ಟುಗಟ್ಟಲೆ ಸಾಕಿದ್ದೀರಿ.

ಎಫ್‌ಬಿಐ ಚುರುಕುತನವನ್ನು ಮೆಚ್ಚಲೇಬೇಕು. 2004ರ ಮೇ 11ರಂದು ಕರ್ಟ್ಜ್ ಪತ್ನಿ ಹೋಪ್ ನಿದ್ದೆಯಲ್ಲೇ ಹೃದಯ ನಿಂತು ತೀರಿಕೊಂಡರು. ಆಂಬುಲೆನ್ಸಿನ ಜೊತೆ ಬಂದವರ ಕಣ್ಣಿಗೆ ಬ್ಯಾಕ್ಟೀರಿಯಾ ಬೆಳೆಸಿದ್ದ ಆ ತಟ್ಟೆಗಳು ಬಿದ್ದವು. ಅಷ್ಟೇ. ರಕ್ಷಾಕವಚ ತೊಟ್ಟವರು ಮನೆ ತುಂಬಿಕೊಂಡರು. ಕಂಪ್ಯೂಟರು, ಪುಸ್ತಕ, ಹಸ್ತಪ್ರತಿ, ಕೊನೆಗೆ ಹೋಪ್ ಅವರ ಶವ, ಎಲ್ಲವೂ ವಶಕ್ಕೆ.

ಕರ್ಟ್ಜ್ ಅವರ ಕ್ರಿಟಿಕಲ್ ಆರ್ಟ್ ಎನ್ಸೆಂಬಲ್ ತಂಡ ಮ್ಯಾಸಚೂಸೆಟ್ಸ್‌ನ ಮ್ಯೂಸಿಯಮ್ಮಿನಲ್ಲಿ ಮಾಡಹೊರಟಿದ್ದ ಘೋರ ಕೃತ್ಯವೆಂದರೆ, ಅಂಗಡಿಯ ತಿಂಡಿಯಲ್ಲಿ ಕುಲಾಂತರಿ ಅಂಶ ಇದೆಯೇ ಎಂದು ಜನರೆದುರೇ ಪರೀಕ್ಷಿಸುವುದು. ಇಂಥ ಪರೀಕ್ಷೆಗೆ ಒಂದೆರಡು ಗ್ರಾಂ ಮೆಕ್ಕೆಜೋಳದ ಹಿಟ್ಟು ಸಾಕು. ಡಿಎನ್ಎ ತೆಗೆದು, 35ಎಸ್ ಎಂಬ ಪ್ರೊಮೋಟರ್ (ಜೀನ್‌ಗೆ ಚಾಲನೆ ಕೊಡುವ ಗುಂಡಿ, ಅನೇಕ ಕುಲಾಂತರಿ ಬೆಳೆಗಳಲ್ಲಿ ಸೇರಿಸಿರುತ್ತಾರೆ) ತುಣುಕನ್ನು ಹಿಡಿಯುವ ಪ್ರೈಮರ್ ಎಂಬ ಪುಟ್ಟ ಡಿಎನ್ಎ ಚೂರುಗಳನ್ನು ಬೆರೆಸಿ, ಆ ತುಣುಕಿನ ನಕಲುಗಳನ್ನು ಹೆಚ್ಚಿಸುವ ಪಿಸಿಆರ್ ಯಂತ್ರದಲ್ಲಿ 95 ಡಿಗ್ರಿಗೆ ಕಾಯಿಸಿ, 60ರ ಆಸುಪಾಸಿಗೆ ಇಳಿಸಿ, 72ಕ್ಕೆ ಏರಿಸಬೇಕು. ಹೀಗೆ 35-40 ಸುತ್ತು. ಆಮೇಲೆ ಡಿಎನ್ಎ ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಅಗರೋಸ್ ಜೆಲ್‌ನಲ್ಲಿ ಓಡಿಸಿದರೆ, 35ಎಸ್ ಇದ್ದಲ್ಲಿ ಗೆರೆ ಮೂಡುತ್ತದೆ, ಇಲ್ಲದಿದ್ದರೆ ಇಲ್ಲ. ಎಡವುವುದೂ ಸುಲಭ. ಕಾರ್ನ್‌ಫ್ಲೇಕ್ಸ್‌ನಂತೆ ಬೆಂದು ಹುರಿದ ತಿಂಡಿಯಲ್ಲಿ ಡಿಎನ್ಎ ನುಚ್ಚುನೂರಾಗಿರುತ್ತದೆ. ಉದ್ದ ತುಣುಕು ಹುಡುಕಿದರೆ ಕೈಗೆ ಚಿಪ್ಪು. 35ಎಸ್ ಮೂಲತಃ ಹೂಕೋಸಿನ ಮೊಸಾಯಿಕ್ ವೈರಸ್ಸಿನದು, ಹಾಗಾಗಿ ಆ ರೋಗ ತಗುಲಿದ ಬಡಪಾಯಿ ಕೋಸೂ ಕುಲಾಂತರಿಯೆಂದು ಸಿಕ್ಕಿಬೀಳುತ್ತದೆ. ಹಿಟ್ಟಿನ ಡಿಎನ್ಎ ಹಾಕದ ಖಾಲಿ ನಳಿಕೆಯೊಂದನ್ನು ಜೊತೆಗೇ ಓಡಿಸಬೇಕು. ಅದರಲ್ಲೂ ಗೆರೆ ಮೂಡಿದರೆ ಕೊಳಕು ಹಿಟ್ಟಿನದಲ್ಲ, ಕೈಯದು. ಎಫ್‌ಬಿಐ ಬಳಿ ಅಂಥದ್ದೊಂದು ಖಾಲಿ ನಳಿಕೆ ಇರಬೇಕಿತ್ತು.

ಸೆರಾಷಿಯಾಗೆ ಅಪವಾದ ಹೊಸದೇನಲ್ಲ. 1819ರಲ್ಲಿ ಇಟಲಿಯ ಪಾದುವಾ ಬಳಿಯ ಲೆನ್ಯಾರೋದಲ್ಲಿ ಪೊಲೆಂಟಾ (ಮೆಕ್ಕೆಜೋಳದ ಮುದ್ದೆ ಅನ್ನಿ) ರಕ್ತದಂತೆ ಕೆಂಪಾಯಿತು. ಊರವರು ದೆವ್ವದ ಕಾಟ ಎಂದರು. ಔಷಧಿ ತಯಾರಿಸುವ ಬಾರ್ತೊಲೊಮಿಯೊ ಬಿಜಿಯೊ ತಾನೇ ಪೊಲೆಂಟಾವನ್ನು ತೇವದಲ್ಲಿಟ್ಟು ಕೆಂಪಾಗಿಸಿ, ಇದು ಯಾವುದೋ ಜೀವಿಯ ಕೆಲಸ ಎಂದ. ಈ ಬಣ್ಣ ಕೋಣೆಯ ಹವೆಯಲ್ಲಿ ಸೊಗಸಾಗಿ ಬರುತ್ತದೆ. 37 ಡಿಗ್ರಿಯಲ್ಲಿ ಬೆಳೆಸಿದರೆ ಬಿಳಿಚಿಕೊಳ್ಳುತ್ತದೆ. ಆಗಿನವರಿಗೆ ದೆವ್ವ ಸಾಕಿತ್ತು, ಭಯೋತ್ಪಾದಕ ಬೇಕಿರಲಿಲ್ಲ.

1950ರ ಸೆಪ್ಟೆಂಬರಿನಲ್ಲಿ ಇದೇ ಸೆರಾಷಿಯಾವನ್ನು ಅಮೆರಿಕದ ನೌಕಾಪಡೆಯೇ ಹಡಗಿನಿಂದ ಸ್ಯಾನ್ ಫ್ರಾನ್ಸಿಸ್ಕೊ ನಗರದತ್ತ ಸಿಂಪಡಿಸಿತ್ತು. ಜೀವಾಣು ದಾಳಿ ಎಷ್ಟು ದೂರ ಹರಡೀತು ಎಂದು ನೋಡುವುದಕ್ಕೆ. ಜನರಿಗೆ ಒಂದು ಮಾತೂ ಹೇಳಲಿಲ್ಲ. ಅದೇ ದಿನಗಳಲ್ಲಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ 11 ಮಂದಿಗೆ ಸೆರಾಷಿಯಾ ಸೋಂಕು ಕಂಡಿತು, ಒಬ್ಬರು ಸತ್ತರು. ಮನೆಯವರು ದಾವೆ ಹೂಡಿ ಸೋತರು. ಸರ್ಕಾರ ಊರಿಗೆಲ್ಲ ಎರಚಿದರೆ ಸಂಶೋಧನೆ. ಆ ಚರಿತ್ರೆಯನ್ನು ಕೆದಕಲು ಕಲಾವಿದ ಒಂದು ತಟ್ಟೆ ಇಟ್ಟುಕೊಂಡರೆ ಸಂಚು.

ಮನೆಯಲ್ಲಿ ಅಪಾಯಕಾರಿ ಏನೂ ಇಲ್ಲವೆಂದು ಆರೋಗ್ಯ ಇಲಾಖೆ ಬೇಗನೆ ಹೇಳಿತು. ಬೆಟ್ಟ ಅಗೆದರೂ ಇಲಿ ಸಿಗಲಿಲ್ಲ. ಆ ಸಿಟ್ಟಿಗೆ ಅಂಚೆಯಣ್ಣನ ಚೀಲ ಹಿಡಿದರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ರಾಬರ್ಟ್ ಫೆರೆಲ್ ತಮ್ಮ ಲ್ಯಾಬಿನ ಹೆಸರಲ್ಲಿ 256 ಡಾಲರಿನ ಬ್ಯಾಕ್ಟೀರಿಯಾ ತರಿಸಿ ಗೆಳೆಯನಿಗೆ ಕೊಟ್ಟಿದ್ದರಲ್ಲ, ಅದೇ ಅಂಚೆ ವಂಚನೆ, ತಂತಿ ವಂಚನೆ (ಫೋನು, ಇಂಟರ್ನೆಟ್ಟಿನಂಥ ಸಂಪರ್ಕದ ಮೂಲಕ ಮಾಡುವ ಮೋಸ). ಶಿಕ್ಷೆ 20 ವರ್ಷದವರೆಗೆ! ಕಾಯಿಲೆಯಲ್ಲಿ ಬಳಲಿದ್ದ ಫೆರೆಲ್ ಸಣ್ಣದೊಂದು ತಪ್ಪೊಪ್ಪಿಕೊಂಡು 500 ಡಾಲರ್ ದಂಡ ತೆತ್ತರು. 2008ರ ಏಪ್ರಿಲ್‌ನಲ್ಲಿ ನ್ಯಾಯಾಧೀಶರು ಕರ್ಟ್ಜ್ ಮೇಲಿನ ಆರೋಪಪಟ್ಟಿಯನ್ನೇ ವಜಾ ಮಾಡಿದರು. ಹೆಂಡತಿ ಸತ್ತ ಮನೆಯಲ್ಲಿ ಅಳುವುದಕ್ಕೂ ಬಿಡದೆ ಒಬ್ಬ ಮನುಷ್ಯನನ್ನು ನಾಲ್ಕು ವರ್ಷ ಹುರಿದರು. ಇದಕ್ಕೆ ಯಾರೂ ಕ್ಷಮೆ ಕೇಳಬೇಕಿಲ್ಲವೇ? ಗೇಲಿ ಮಾಡಲೂ ಸುಸ್ತಾಗುತ್ತದೆ.

ಶೋಧದ ವೇಳೆ ತಿಂದ ಪಿಜ್ಜಾದ ಡಬ್ಬಿ, ಕುಡಿದ ಗೇಟರೇಡ್ ಬಾಟಲಿಗಳನ್ನು ಎಫ್‌ಬಿಐನವರು ಅಲ್ಲೇ ಬಿಟ್ಟು ಹೋಗಿದ್ದರು. 2008ರಲ್ಲಿ ಬಫಲೋದ ಗ್ಯಾಲರಿಯಲ್ಲಿ ಆ ಕಸವೇ ಪ್ರದರ್ಶನಕ್ಕೆ ಬಂತು. ಆ ಪಿಜ್ಜಾ ಕುಲಾಂತರಿಯೋ ಅಲ್ಲವೋ ಎಂದು ಅವತ್ತೇ ನೋಡಬಹುದಿತ್ತು. ನೋಡುವ ಉಪಕರಣವನ್ನು ಅವರೇ ಹೊತ್ತೊಯ್ದಿದ್ದರು.