ನೀರು ಬಿಟ್ಟ ದಿನದ ಯೌವನ

ಕೂದಲಿನ ಬುಡದಲ್ಲಿರುವ ಕೋಶಗಳು ಮೆಲನಿನ್ ಎಂಬ ಬಣ್ಣವನ್ನು ತಯಾರಿಸುವುದು ನಿಂತಾಗ ಕೂದಲು ಬೆಳ್ಳಗಾಗುತ್ತದೆ ಎಂದು ವಿಜ್ಞಾನದ ಪುಸ್ತಕಗಳು ಹೇಳುತ್ತವೆ. ಅವುಗಳನ್ನು ಬರೆದವರು ಹುಬ್ಬಳ್ಳಿ-ಧಾರವಾಡದಲ್ಲಿ ಸಂಸಾರ ಹೂಡಿದವರಲ್ಲ. ಈ ಅವಳಿನಗರದಲ್ಲಿ ಯಾರ ತಲೆ ಯಾವ ವಾರ ಕಪ್ಪಗಿರಬೇಕು, ಯಾವ ವಾರ ಬೆಳ್ಳಗಿರಬೇಕು ಎಂಬುದನ್ನು ತೀರ್ಮಾನಿಸುವವನು ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ನಳದ ನೀರು ಬಿಡಲು ಓಣಿಯ ತುದಿಗೆ ಬರುವ ವಾಲ್ವ್‌ಮನ್. ಪಂಚಾಂಗಕ್ಕೆ ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳಿದ್ದರೆ ನಮ್ಮಲ್ಲಿ ನೀರಿನ ಪಾಳಿ ಎಂಬ ಆರನೆಯ ಅಂಗವೊಂದಿದೆ. ಮೊದಲ ಐದು ಕೂಡಿಬಂದು ಆರನೆಯದು ಕೂಡಿಬಾರದೆ ಹೋದ ಮದುವೆಯಲ್ಲಿ ವಧುವಿನ ಸೋದರಮಾವಂದಿರೆಲ್ಲ ಟೊಪ್ಪಿಗೆ ಹಾಕಿಕೊಂಡೇ ಫೋಟೋಕ್ಕೆ ನಿಲ್ಲಬೇಕಾಗುತ್ತದೆ.

ಸಲೂನಿನ ಕುರ್ಚಿಯಲ್ಲಿ ಕುಳಿತು ಬಣ್ಣ ಹಚ್ಚಿಸಿಕೊಳ್ಳುವ ಉಳ್ಳವರ ಮಾತು ಇಲ್ಲಿ ಬೇಡ. ಮಧ್ಯಮ ವರ್ಗದ ಯೌವನವು ಕಿರಾಣಿ ಅಂಗಡಿಯಲ್ಲಿ, ಶಾಂಪೂ ಪೊಟ್ಟಣಗಳ ಮಾಲೆಯ ಪಕ್ಕದಲ್ಲಿ, 20–30 ರೂಪಾಯಿಗೆ ತೂಗಾಡುತ್ತಿರುತ್ತದೆ. ಕೊಳ್ಳಲು ಬಂದವನು ಅದರ ಹೆಸರು ಹೇಳುವುದಿಲ್ಲ. "ಅದನ್ನೊಂದು ಕೊಡ್ರಿ" ಎನ್ನುತ್ತಾನೆ, ಅಂಗಡಿಯವನೂ ಯಾವುದೆಂದು ಕೇಳದೆ ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ಉಳಿದ ಸಲಕರಣೆಗಳಿಗೆ ಖರ್ಚಿಲ್ಲ: ಎಳೆಗಳೆಲ್ಲ ಅಡ್ಡ ಮಲಗಿದ ಹಳೆಯ ಟೂತ್‌ಬ್ರಷ್, ಹಿಡಿ ಮುರಿದ ಪ್ಲಾಸ್ಟಿಕ್ ಮಗ್, ಹಿಂದಿನ ಪಾಳಿಯ ಕಲೆಗಳನ್ನು ಹೊತ್ತ ಬನಿಯನ್, ಹಣೆ ಮತ್ತು ಕಿವಿಯ ಅಂಚಿಗೆ ಸವರಿಕೊಳ್ಳಲು ಒಂದಿಷ್ಟು ಕೊಬ್ಬರಿ ಎಣ್ಣೆ. ಹಚ್ಚಿಕೊಂಡು ಅರ್ಧ ಗಂಟೆ ಮಾಳಿಗೆಯ ಮೇಲೆ ಕುಳಿತರೆ ಮದ್ದು ಕೂದಲಿನೊಳಕ್ಕೆ ಇಳಿದು ಅಲ್ಲಿಯೇ ಕಪ್ಪಾಗುತ್ತದೆ. ಕೃತಕ ಹೇರ್ ಡೈ ತಯಾರಿಸಿ ಪ್ಯಾರಿಸ್ಸಿನ ಕ್ಷೌರಿಕರಿಗೆ ಮಾರಲು 1907ರಲ್ಲಿ ಹೊರಟ ರಸಾಯನಶಾಸ್ತ್ರಜ್ಞ ಯೂಜೀನ್ ಶೂಲರ್ ಇಲ್ಲಿಯವರೆಗಿನ ಎಲ್ಲವನ್ನೂ ಯೋಚಿಸಿದ್ದನು. ಆದರೆ ಅವನ ಊರಿನ ನಡುವೆ ಸೇನ್ ನದಿ ಹರಿಯುತ್ತಿತ್ತಾದ್ದರಿಂದ, ಹಚ್ಚಿದ್ದನ್ನು ತೊಳೆಯುವುದು ಹೇಗೆಂಬ ಪ್ರಶ್ನೆಯನ್ನು ಅವನು ನಮಗೆ ಬಿಟ್ಟುಹೋದನು.

ನಮಗೂ ನದಿಯಿಲ್ಲವೆಂದಲ್ಲ. ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರದಿಂದ ಅವಳಿನಗರದವರೆಗೆ ಕೊಳವೆ ಹಾಕಲಾಗಿದೆ, ಮನೆಮನೆಗೆ ನಳ ಇದೆ, ನಳಕ್ಕೆ ಮೀಟರೂ ಇದೆ. ನೀರು ಮಾತ್ರ ಐದು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ, ಬೇಸಿಗೆಯಲ್ಲಾದರೆ ಇನ್ನೂ ತಡವಾಗಿ, ಮನೆಗೆ ಬಂದ ದೊಡ್ಡ ಅಳಿಯನಂತೆ ಹೊತ್ತುಗೊತ್ತಿಲ್ಲದೆ ಬಂದು ಎಲ್ಲರನ್ನೂ ಎಬ್ಬಿಸಿ ಹೋಗುತ್ತದೆ. ಹಾಗಾಗಿ ನಡುರಾತ್ರಿ ನಳ ಸೀಟಿ ಹೊಡೆದ ಕೂಡಲೇ ಮನೆಯ ಹೆಂಗಸರು ಕೊಡ-ಬ್ಯಾರಲ್‌ಗಳತ್ತ ಓಡಿದರೆ, ಐವತ್ತು ದಾಟಿದ ಗಂಡಸರು ಕಪಾಟಿನ ಮೇಲೆ ಅಡಗಿಸಿಟ್ಟ ಪೊಟ್ಟಣದತ್ತ ಓಡುತ್ತಾರೆ. ತಲೆ ತುಂಬ ಹಚ್ಚಿಕೊಂಡು, ಕ್ಯಾರಿಬ್ಯಾಗ್ ಕಟ್ಟಿಕೊಂಡು, ಗಡಿಯಾರ ನೋಡುತ್ತ ಕುಳಿತ ಇಪ್ಪತ್ತನೆಯ ನಿಮಿಷದಲ್ಲಿ ನಳ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಆಗ ಕಪ್ಪು ನೀರು ಕತ್ತಿನಿಂದ ಇಳಿಯುತ್ತಿರುವಂತೆಯೇ ಕಣ್ಣು ಮುಚ್ಚಿಕೊಂಡು ಪಕ್ಕದ ಮನೆಯ ಬಾಗಿಲು ಬಡಿಯುವ ನಿವೃತ್ತ ಹೆಡ್ ಕ್ಲಾರ್ಕರಿಗೆ, "ಕಾಕಾ, ಕುಡ್ಯಾಕ ಒಂದs ಕೊಡ ಉಳದೈತ್ರಿ. ಮೀಸಿ ಅಷ್ಟ ತೊಳಕೊಳ್ರಿ" ಎಂಬ ಉತ್ತರ ಸಿಕ್ಕರೆ ಅದನ್ನು ನಿಷ್ಠುರವೆಂದು ಭಾವಿಸಬಾರದು. ಕುಡಿಯುವ ನೀರಿನಲ್ಲಿ ಇನ್ನೊಬ್ಬರ ಮೀಸೆಗೆ ಪಾಲು ಕೊಡುವ ಔದಾರ್ಯ ಬೇರೆ ಊರುಗಳಲ್ಲಿ ಇರಲಾರದು.

ಮದರಂಗಿ ಹಚ್ಚಿದರೆ ಖರ್ಚು ಕಡಿಮೆ, ದೇಹಕ್ಕೂ ಹಿತ ಎನ್ನುವವರಿದ್ದಾರೆ. ಮದರಂಗಿಯೊಂದನ್ನೇ ಹಚ್ಚಿದರೆ ಬಿಳಿಗೂದಲು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ; ಆಮೇಲೆ ಆ ತಲೆ ಯಾವ ಪಕ್ಷದ್ದೆಂದು ಕೇಳುವವರಿಗೆಲ್ಲ ಉತ್ತರ ಹೇಳುತ್ತ ತಿರುಗಬೇಕು. ಕಪ್ಪೇ ಬೇಕೆಂದರೆ ಮದರಂಗಿ ತೊಳೆದ ಬಳಿಕ ನೀಲಿ ಗಿಡದ ಎಲೆಯ ಪುಡಿಯನ್ನು, ಅಂದರೆ ಇಂಡಿಗೋವನ್ನು, ಬೆಚ್ಚಗಿನ ನೀರಿನಲ್ಲಿ ಕಲಸಿ ಎರಡನೆಯ ಸಲ ಹಚ್ಚಿ, ಎರಡನೆಯ ಸಲ ತೊಳೆಯಬೇಕು. ಪುಡಿಗೆ ಕೊಟ್ಟ ದುಡ್ಡು ಕಡಿಮೆಯೇ. ಆದರೆ ಮರಳಿನಂತೆ ಕೂದಲಲ್ಲಿ ಕುಳಿತ ಸೊಪ್ಪಿನ ಪುಡಿ ಬಿಡಿಸಲು ಬಕೆಟ್ಟಿನ ಮೇಲೆ ಬಕೆಟ್ ಸುರಿಯಬೇಕಾಗುತ್ತದೆ, ಅಷ್ಟೂ ನೀರು ಟ್ಯಾಂಕರಿನಿಂದ ಬರಬೇಕಾದರೆ ಸಲೂನೇ ಅಗ್ಗ. ಮನೆಯಲ್ಲಿ ಅಗ್ಗದಲ್ಲಿ ಕೂದಲು ಕಪ್ಪು ಮಾಡಿಕೊಳ್ಳುವ ಉಪಾಯಗಳನ್ನು ಹೇಳಿಕೊಡುವ ಯಾವ ವಿಡಿಯೋದಲ್ಲೂ ನೀರಿನ ಲೆಕ್ಕ ಬರುವುದಿಲ್ಲವಾದ್ದರಿಂದ ಅವುಗಳನ್ನು ಮಾಡಿದವರೆಲ್ಲರೂ ಹೊರಗಿನವರೆಂದು ನಾವು ಧೈರ್ಯವಾಗಿ ಹೇಳಬಹುದು.

ತಲೆಗೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಎಂಟು ದಿನಕ್ಕೆ ಮೂರು ಮಿಲಿಮೀಟರ್ ಎಂದಾಯಿತು. ಆದ್ದರಿಂದ ಬ್ಯಾಂಕಿನ ಕೌಂಟರಿನ ಮುಂದೆ ನಿಂತು ಕ್ಯಾಶಿಯರರ ಬೈತಲೆಯ ಬಿಳಿ ಗೆರೆಯನ್ನು ಅಳೆದರೆ ಅವರ ಓಣಿಗೆ ಎಷ್ಟು ಪಾಳಿ ನೀರು ತಪ್ಪಿದೆ ಎಂಬುದನ್ನು ಮೀಟರಿಗಿಂತ ನಿಖರವಾಗಿ ಹೇಳಬಹುದು. 2008ರ ಹೊತ್ತಿಗೇ ವಿಶ್ವಬ್ಯಾಂಕಿನ ನೆರವಿನಿಂದ 24 ಗಂಟೆಯೂ ನೀರು ಪಡೆದ ಕೆಲವು ವಾರ್ಡುಗಳು ಇಲ್ಲಿವೆ. ಅಲ್ಲಿಯವರ ಕೂದಲು ಬುಡದವರೆಗೂ ಕಪ್ಪು. ಉಳಿದ ವಾರ್ಡುಗಳ ಬೀಗರು ಅವರ ಪಕ್ಕದಲ್ಲಿ ಕುಳಿತಾಗ, ಓರಗೆಯವರೇ ಆದರೂ, ಅವರ ತಂದೆಯರಂತೆ ಕಾಣುತ್ತಾರೆ. ಇನ್ನು ವಾಲ್ವ್‌ಮನ್ನನ ಕೂದಲಿನ ಬಗೆಗೆ ಹೇಳುವುದೇ ಬೇಡ. ನೀರು ಯಾವಾಗ ಬರುತ್ತದೆಂದು ಮುಂಚಿತವಾಗಿ ತಿಳಿದ ಏಕೈಕ ಪ್ರಜೆ ಅವನು.

ಪೊಟ್ಟಣದ ಹಿಂಬದಿಯಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರಗಳಲ್ಲಿ, ಹಚ್ಚುವ 48 ಗಂಟೆ ಮೊದಲು ಮೊಣಕೈಯ ಒಳಭಾಗಕ್ಕೋ ಕಿವಿಯ ಹಿಂದಕ್ಕೋ ಸ್ವಲ್ಪ ಸವರಿ ಪರೀಕ್ಷಿಸಿರಿ ಎಂಬ ಸೂಚನೆ ಇರುತ್ತದೆ. ಇದು ತಮಾಷೆಯ ಮಾತಲ್ಲ. ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಒಗ್ಗದವರಿಗೆ ತುರಿಕೆ ಎದ್ದು, ಮುಖ ಬಾತು, ಕಣ್ಣು ತೆರೆಯಲಾಗದಂತಾಗುವುದುಂಟು. ಹರ್ಬಲ್ ಎಂದೋ ಕಪ್ಪು ಮೆಹಂದಿ ಎಂದೋ ಹಸಿರು ಎಲೆಯ ಚಿತ್ರ ಹಾಕಿ ಮಾರುವ ಹಲವು ಪೊಟ್ಟಣಗಳಲ್ಲೂ ಅದೇ ಇರುತ್ತದೆ. ಆದರೆ ನೀರು ನಾಳೆ ಬರುತ್ತದೋ ನಾಡಿದ್ದು ಬರುತ್ತದೋ ಗೊತ್ತಿಲ್ಲದ ಊರಿನಲ್ಲಿ 48 ಗಂಟೆ ಮೊದಲು ಎಂಬ ಮಾತಿಗೆ ಅರ್ಥ ಹಚ್ಚುವುದು ಹೇಗೆ? ಪರೀಕ್ಷೆಗೆಂದು ಸವರಿಕೊಂಡದ್ದನ್ನು ತೊಳೆಯಲು ಒಂದು ಪಾಳಿ, ತಲೆಗೆ ಹಚ್ಚಿದ್ದನ್ನು ತೊಳೆಯಲು ಇನ್ನೊಂದು ಪಾಳಿ ಎಂದು ಹಿಡಿದರೆ ಅಷ್ಟರಲ್ಲಿ ಮದುವೆ ಮುಗಿದು ಮಗಳ ಸೀಮಂತದ ಕುಬುಸ ಬಂದಿರುತ್ತದೆ.

ಒಂದು ಹನಿ ನೀರಿಲ್ಲದೆ, ತುರಿಕೆಯಿಲ್ಲದೆ, ಪೈಸೆ ಖರ್ಚಿಲ್ಲದೆ ಕೂದಲು ಕಪ್ಪಾಗಿಸಿಕೊಳ್ಳುವ ಒಂದು ವರ್ಗವೂ ನಮ್ಮಲ್ಲಿದೆ. ಚೆನ್ನಮ್ಮ ವೃತ್ತದಲ್ಲಿ ಹುಟ್ಟುಹಬ್ಬದ ಫ್ಲೆಕ್ಸುಗಳಿಗೆ ಕತ್ತೆತ್ತಿ ನೋಡಿದವರಿಗೆ ಅದು ಯಾರೆಂದು ತಿಳಿದಿರುತ್ತದೆ. ಅಲ್ಲಿ ನಾಯಕರ ತಲೆಗೆ ಬಣ್ಣ ಹಚ್ಚುವವನು ಫ್ಲೆಕ್ಸ್ ಅಂಗಡಿಯ ಹುಡುಗ. ಮೌಸನ್ನು ಎರಡು ಸಲ ಎಳೆದರೆ ಮುಗಿಯಿತು. ಮುಖ್ಯ ನಾಯಕರಿಗೆ ಗಾಢ ಕಪ್ಪು, ಕೆಳಸಾಲಿನ ಶುಭ ಕೋರುವವರಿಗೆ ಅವರವರು ಕೊಟ್ಟ ವಂತಿಗೆಗೆ ತಕ್ಕಷ್ಟು ಕಪ್ಪು. ನೀರು ಬಂದಿಲ್ಲವೆಂದು ದೂರು ಹೇಳಲು ಜನರು ಹೋಗುವುದು ಇವರ ಬಳಿಗೇ, ಇವರಿಗೆ ನೀರಿನ ಅಗತ್ಯವೇ ಇಲ್ಲ.

ಇದರ ನಡುವೆ ಡೈ ಬಿಟ್ಟುಬಿಡುವ ಕ್ರಾಂತಿಕಾರಿಗಳೂ ಹುಟ್ಟಿಕೊಂಡಿದ್ದಾರೆ. ಗಂಡಸಿಗೆ ಇದು ಸುಲಭ. ನಾಲ್ಕೈದು ಕಟಿಂಗ್ ಆಗುವಷ್ಟರಲ್ಲಿ ಕಪ್ಪೆಲ್ಲ ಕ್ಷೌರದಂಗಡಿಯ ನೆಲಕ್ಕೆ ಬಿದ್ದು, ಅವನು ಒಮ್ಮೆಗೇ ಹಿರಿಯನಾಗಿ, ಓಣಿಯ ಪಂಚಾಯಿತಿಕೆಗೆ ಕರೆಸಿಕೊಳ್ಳುತ್ತಾನೆ. ಸೊಂಟದವರೆಗೆ ಜಡೆಯಿರುವ ಹೆಂಗಸು ಅದನ್ನೇ ಮಾಡಹೊರಟರೆ ಬಣ್ಣವೆಲ್ಲ ಇಳಿದುಹೋಗಲು ನಾಲ್ಕೈದು ವರ್ಷ, ಅಂದರೆ ಹೆಚ್ಚುಕಡಿಮೆ ಒಂದು ವಿಧಾನಸಭೆಯ ಅವಧಿ ಬೇಕು. ಅಷ್ಟೂ ಕಾಲ ಮೇಲೆ ಬಿಳಿ, ಕೆಳಗೆ ಕಪ್ಪು ಹೊತ್ತು ಅವಳು ಸಂತೆಗೆ ಹೋಗಬೇಕು, "ಯಾಕ್ರೀ ಅಕ್ಕೋರ, ಆರಾಮಿಲ್ಲೇನ್ರಿ?" ಎಂಬ ಕನಿಕರಕ್ಕೆ ಉತ್ತರ ಕೊಡಬೇಕು. ಗಿಡ್ಡ ಮಾಡಿಸಿಕೊಂಡರೆ ತಿರುಪತಿಗೆ ಹೋಗಿದ್ದಿರಾ ಎಂದು ಕೇಳುತ್ತಾರೆ. ಬ್ಯೂಟಿ ಪಾರ್ಲರಿಗೆ ಹೋದರೆ ಎರಡೂ ಬಣ್ಣ ಹೊಂದಿಕೊಳ್ಳುವಂತೆ ಉಳಿದ ಕಪ್ಪಿಗೂ ಅಲ್ಲಲ್ಲಿ ಬೂದು ಬಣ್ಣ ಹಚ್ಚಿಕೊಡುತ್ತೇವೆಂದು ಸಾವಿರಗಳ ಲೆಕ್ಕದಲ್ಲಿ ಬಿಲ್ಲು ಹೇಳುತ್ತಾರೆ. ವಯಸ್ಸು ಮುಚ್ಚಲು 20 ರೂಪಾಯಿ, ವಯಸ್ಸಾಗಿದೆ ಎಂದು ತೋರಿಸಲು ಒಂದು ತಿಂಗಳ ಪಿಂಚಣಿ.

ಹಾಗೂ ಹಟ ಹಿಡಿದು, ಹಣ ತೆರದೆ, ಬೆಳ್ಳಗೆ ಬೆಳೆಯಗೊಟ್ಟ ನಿವೃತ್ತ ಅಕ್ಕೋರೊಬ್ಬರ, ಅಂದರೆ ಶಾಲೆಯ ಶಿಕ್ಷಕಿಯೊಬ್ಬರ, ಬಾಗಿಲಿಗೆ ವಾರ್ಡಿನ ಆಕಾಂಕ್ಷಿಯೊಬ್ಬರು ಕೈಮುಗಿದು ಬಂದರೆಂದು ಭಾವಿಸೋಣ. ಈ ಸಲ ಗೆಲ್ಲಿಸಿದರೆ ಒಂದು ವರ್ಷದೊಳಗೆ ಮನೆಮನೆಗೂ 24 ತಾಸು ನೀರು ಎಂದು ಅವರು ಆಶ್ವಾಸನೆ ಕೊಡುತ್ತಾರೆ. ಅಕ್ಕೋರು ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ಬಿಳಿ ಮುಗಿದು ಕಪ್ಪು ಶುರುವಾಗುವ ಕಡೆ ಬೆರಳಿಟ್ಟು ತೋರಿಸುತ್ತಾರೆ.

"ಹಿಂದಿನ ಸಲ ನೀವು ಇದನ್ನs ಹೇಳಿದಾಗ ಬಿಳೇದು ಕಿವಿ ತನಕ ಇತ್ತಪಾ. ಈಗ ನೋಡು, ಹೆಗಲ ದಾಟೈತಿ."

ಆಕಾಂಕ್ಷಿಗಳು ನಗುತ್ತ, ಇನ್ನೂ ಹಸಿಯಾಗಿರುವ ಮೀಸೆಯನ್ನು ತೋರುಬೆರಳಿನಿಂದ ಒತ್ತಿ ನೋಡಿಕೊಂಡು, ಹಿಂದೆ ನಿಂತ ಹುಡುಗನ ಕಿವಿಯಲ್ಲಿ ತಮ್ಮ ಓಣಿಗೆ ಇವತ್ತು ನೀರು ಬಿಡುತ್ತಾರೋ ಇಲ್ಲವೋ ಕೇಳಿಕೊಂಡು ಬಾ ಎಂದು ಕಳಿಸುತ್ತಾರೆ.