ಆರಡಿ ಏರಬೇಕಾದ ಮಾಡು ಮೂರಡಿಗೇ ನಿಂತರೆ

ಮೂಡಿಗೆರೆ ಕಡೆಯ ಒಂದು ಹೊಸ ರೆಸಾರ್ಟು. ಹೆಸರು ಬೇಡ ಬಿಡಿ. ಕಾಫಿ ಗಿಡಗಳ ನಡುವೆ 10 ಹುಲ್ಲಿನ ಕಾಟೇಜು, ಒಂದೇ ಸಾಲಲ್ಲಿ, ಈ ತುದಿಯಿಂದ ಆ ತುದಿಗೆ ಒಂದೇ ಮಾಡು, ಅಂದ್ರೆ ಚಾವಣಿ. ಮುಂದೆ ಮರದ ಹಲಗೆ ಮೇಲೆ ‘ಪಾರಂಪರಿಕ ಮಲೆನಾಡು ಮನೆಗಳು’ ಅಂತ ಕೆತ್ತಿಸಿದ್ದಾರೆ. ಅಕ್ಷರ ಚೆನ್ನಾಗಿದೆ. ಮಾಡು ಮಾತ್ರ 12 ಅಡಿ ಅಗಲದ ಕೋಣೆ ಮೇಲೆ ಬರೀ 3 ಅಡಿ ಏರಿ ಸುಸ್ತಾಗಿ ಮಲಗಿದೆ.

ಹುಲ್ಲಿನ ಮಾಡಿಗೆ ಲೆಕ್ಕ ಒಂದೇ. ಕೋಣೆಯ ಅಗಲದ ಅರ್ಧದಷ್ಟು ನೆತ್ತಿ, ಅಂದ್ರೆ ಮಾಡಿನ ಎರಡು ಇಳಿಜಾರು ಕೂಡೋ ತುದಿ, ಏರಬೇಕು. 12 ಅಡಿಗೆ 6 ಅಡಿ, ಅಂದ್ರೆ 45 ಡಿಗ್ರಿ. ಅದಕ್ಕಿಂತ ಕಡಿದಾದರೆ ಇನ್ನೂ ಒಳ್ಳೇದು, ಕಡಿಮೆ ಆದ್ರೆ ಹುಲ್ಲು ಕೊಳೆಯುತ್ತೆ. ಇದರಲ್ಲಿ ಅಭಿಪ್ರಾಯ ಭೇದಕ್ಕೆ ಜಾಗವೇ ಇಲ್ಲ. ಯಾಕೆ ಅಂದ್ರೆ ಹುಲ್ಲು ನೀರನ್ನ ತಡೆಯಲ್ಲ, ಜಾರಿಸುತ್ತೆ. ಮಳೆಯಲ್ಲಿ ಭತ್ತದ ನೆಟ್ಟಿ ಮಾಡೋರು ನೆನೆಯದ ಹಾಗೆ ಬೆನ್ನಿಗೆ ಹಾಕ್ಕೊಳ್ಳೋ ಗೊರಬಿನ ಹಾಗೆ. ಒಂದು ಕಡ್ಡಿಯ ಮೇಲೆ ಬಿದ್ದ ಹನಿ ಅದರ ಬುಡದವರೆಗೆ ಜಾರಿ, ಕೆಳಗಿನ ಕಡ್ಡಿಗೆ ದಾಟಿ, ಹಾಗೇ ಸೂರಿಗೆ, ಅಂದ್ರೆ ಗೋಡೆಯಿಂದ ಹೊರಗೆ ಚಾಚಿದ ಮಾಡಿನ ಅಂಚಿಗೆ, ಬಂದು ತೊಟ್ಟಿಕ್ಕಬೇಕು. ಸರಿಯಾಗಿ ಕಟ್ಟಿದ ಮಾಡಲ್ಲಿ ಎಂಥಾ ಜಡಿಮಳೆಗೂ ಮೇಲಿನ ಇಂಚು, ಒಂದೂವರೆ ಇಂಚು ಮಾತ್ರ ನೆನೆಯುತ್ತೆ. ಒಳಗಿನದು ಒಣಗೇ ಇರುತ್ತೆ.

ಇಲ್ಲೊಂದು ಸೂಕ್ಷ್ಮ ಇದೆ, ಎಂಜಿನಿಯರುಗಳು ಎಡವೋದು ಇಲ್ಲೇ. ಮಾಡನ್ನ ಹೊರೋ ಬಿದಿರಿನ ಗಳದ ಇಳಿಜಾರು ಬೇರೆ, ಅದರ ಮೇಲೆ ಕೂತ ಹುಲ್ಲಿನ ಕಡ್ಡಿಯ ಇಳಿಜಾರು ಬೇರೆ. ಪ್ರತಿ ಸಾಲೂ ಕೆಳಗಿನ ಸಾಲಿನ ಮೇಲೆ ಒರಗಿ ಕೂರೋದರಿಂದ ಕಡ್ಡಿಯ ಬುಡ ಎತ್ತಿ ನಿಲ್ಲುತ್ತೆ. 3 ಅಡಿ ಉದ್ದದ ಹುಲ್ಲು, 8 ಇಂಚು ದಪ್ಪದ ಹೊದಿಕೆ ಅಂತಿಟ್ಟುಕೊಳ್ಳಿ. ಕಡ್ಡಿ ಸುಮಾರು 12 ಡಿಗ್ರಿ ಕಳೆದುಕೊಳ್ಳುತ್ತೆ. 45 ಡಿಗ್ರಿ ಮಾಡಲ್ಲಿ ಕಡ್ಡಿಗೆ 33 ಡಿಗ್ರಿ ಉಳಿಯುತ್ತೆ, ನೀರು ಜಾರುತ್ತೆ. ಈ ಪುಣ್ಯಾತ್ಮರ ಮಾಡು ಇರೋದೇ 26 ಡಿಗ್ರಿ. ಕಡ್ಡಿಗೆ ಉಳಿಯೋದು 14. ನೀರು ಅಲ್ಲೇ ಕೂತು ಯೋಚನೆ ಮಾಡುತ್ತೆ, ಹೊರಗೆ ಹೋಗಲೋ ಒಳಗೆ ಹೋಗಲೋ ಅಂತ. ಆರಿದ್ರಾ ಮಳೆಗೆ ನೆಂದಿದ್ದು ಪುನರ್ವಸು, ಪುಷ್ಯ ಮುಗಿದರೂ ಒಣಗಲ್ಲ. ಹಾವಸೆ ಕಟ್ಟುತ್ತೆ, ಅಣಬೆ ಏಳುತ್ತೆ, ಸಗಣಿಗುಂಡಿ ವಾಸನೆ ಬರುತ್ತೆ. ಅಷ್ಟೊತ್ತಿಗೆ ಅತಿಥಿಗಳು ‘ಮಣ್ಣಿನ ಘಮ’ ಅಂತ ಪೋಸ್ಟ್ ಹಾಕಿರ್ತಾರೆ, ಅದು ಬೇರೆ ಮಾತು.

ಯಾಕೆ ಮೂರಡಿಗೆ ನಿಲ್ಲಿಸಿದರು ಅನ್ನೋದೂ ಗೊತ್ತು. ಸೂರು ಎರಡೂವರೆ ಅಡಿ ಹೊರಗೆ ಚಾಚಿದರೆ 45 ಡಿಗ್ರಿಗೆ ಒಂದು ಕಡೆಯ ಮಾಡು 12 ಅಡಿ ಉದ್ದ ಬರುತ್ತೆ. 3 ಅಡಿ ಏರಿಸಿದರೆ ಒಂಬತ್ತೂವರೆಗೆ ಮುಗಿಯುತ್ತೆ. ಹುಲ್ಲಲ್ಲಿ, ಗಳದಲ್ಲಿ, ಕೂಲಿಯಲ್ಲಿ ಐದನೇ ಒಂದು ಪಾಲು ಉಳಿತಾಯ. ಜೊತೆಗೆ ಈ ಸಾಲಿನ ಹಿಂದಿರೋ ಬೇರೆ ರೂಮುಗಳಿಗೆ ಬೆಟ್ಟ ಕಾಣುತ್ತೆ. ಉಳಿಸಿದ್ದನ್ನ ಎರಡನೇ ಮಳೆಗಾಲದಲ್ಲಿ ಬಡ್ಡಿ ಸಮೇತ ಕಟ್ಟಬೇಕಾಗುತ್ತೆ ಅನ್ನೋದು ಕಂಟ್ರಾಕ್ಟರಿನ ಬಿಲ್ಲಲ್ಲಿ ಬರೆದಿರಲ್ಲ.

ಈಗ ‘ಪಾರಂಪರಿಕ’ ವಿಷಯಕ್ಕೆ ಬರೋಣ. ಮಲೆನಾಡಲ್ಲಿ ಹುಲ್ಲಿನ ಮನೆಗಳನ್ನ ಹೀಗೆ ಸಾಲಾಗಿ, ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ್ದು ಯಾರು, ಯಾರಿಗೋಸ್ಕರ? ನಮ್ಮಲ್ಲಿ ಗದ್ದೆಗೊಂದು, ಗುಡ್ಡಕ್ಕೊಂದು ಅಂತ ಒಂಟಿ ಮನೆಗಳೇ ಹೆಚ್ಚು. ಹುಲ್ಲಿನ ಮನೆಗೆ ಬೆಂಕಿ ಭಯ ಇರೋದರಿಂದ ಕೊಟ್ಟಿಗೆಯನ್ನೂ ಸ್ವಲ್ಪ ದೂರ ಇಡೋ ಜನ. ಸಾಲು ಮನೆ ಅಂದ್ರೆ ಅದು ತೋಟದ ಲೈನು. 1840ರ ದಶಕದ ಆಸುಪಾಸಿಂದ ಬಾಬಾಬುಡನ್ ಬೆಟ್ಟದ ಸುತ್ತ, ಮಂಜರಾಬಾದು ಸೀಮೆಯಲ್ಲಿ, ಅಂದ್ರೆ ಇವತ್ತಿನ ಸಕಲೇಶಪುರದ ಕಡೆ, ಬಿಳಿ ದೊರೆಗಳು ಕಾಡು ಕಡಿದು ಕಾಫಿ ಹಾಕಿದಾಗ ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಬಂದ ಆಳುಗಳಿಗೆ ಕಟ್ಟಿದ್ದು ಇದು.

ಸಾಲು ಯಾಕೆ ಅಂದ್ರೆ, ಚೆಂದಕ್ಕಲ್ಲ. 10 ಕೋಣೆ ಬಿಡಿಬಿಡಿಯಾಗಿ ಕಟ್ಟಿದರೆ 20 ಪಕ್ಕದ ಗೋಡೆ ಬೇಕು. ಒಟ್ಟಿಗೆ ಕಟ್ಟಿದರೆ 11 ಸಾಕು. ನೆತ್ತಿ ಒಂದೇ, ಜಗುಲಿ ಒಂದೇ. ಬೆಳಗಿನ ಹಾಜರಿ ಹೊತ್ತಿಗೆ ಯಾವ ಬಾಗಿಲು ತೆರೆದಿಲ್ಲ ಅಂತ ಮೇಸ್ತ್ರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಎಷ್ಟೋ ಲೈನುಗಳಲ್ಲಿ ಅಡ್ಡಗೋಡೆ ಸೂರಿನ ಮಟ್ಟಕ್ಕೇ ನಿಲ್ಲುತ್ತಿತ್ತು, ಮೇಲೆ ಮಾಡಿನ ಹೊಟ್ಟೆ ಉದ್ದಕ್ಕೂ ಖಾಲಿ. ಒಂದು ಮನೆ ಮಗು ಅತ್ತರೆ ಹತ್ತು ಮನೆಗೆ ಎಚ್ಚರ. ಒಂದು ಒಲೆಯ ಕಿಡಿ ಹಾರಿದರೆ ಹತ್ತು ಮನೆಯೂ ಬೂದಿ. ಈ ಸಾಲನ್ನ ‘ಮಲೆನಾಡ ಪರಂಪರೆ’ ಅಂತ ಒಂದು ರಾತ್ರಿಗೆ ಸಾವಿರಗಟ್ಟಲೆ ಬಾಡಿಗೆಗೆ ಕೊಡೋರು ಆ ಹಲಗೆ ಮೇಲೆ ಇನ್ನೊಂದು ಸಾಲು ಕೆತ್ತಿಸಬಹುದಿತ್ತು, ಇದು ಕೂಲಿ ಲೈನಿನ ನಕಲು ಅಂತ.

ಹೆಂಚು ಬಂದು ಲೈನುಗಳ ಹುಲ್ಲು ಇಳಿಸಿತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾಗಿದ್ದು 1865ರಲ್ಲಿ. ಹಾಸನ–ಮಂಗಳೂರು ರೈಲು ಬಂದಿದ್ದು 1979ಕ್ಕೆ. ಅದಕ್ಕೆ ಎಷ್ಟೋ ಮುಂಚೆ ಎತ್ತಿನ ಗಾಡಿಗಳಲ್ಲೇ ಹೆಂಚು ಘಾಟಿ ಹತ್ತಿತ್ತು. ಮೊದಲು ಬಂಗಲೆಗೆ, ಆಮೇಲೆ ಕಾಫಿ ಗೋಡೌನಿಗೆ, ಲೈನಿಗೆ ಕಟ್ಟಕಡೆಗೆ. 1951ರ ಪ್ಲಾಂಟೇಶನ್ ಲೇಬರ್ ಕಾಯಿದೆ ಬಂದು, ತೋಟದಲ್ಲಿ ಇರೋ ಕೆಲಸಗಾರರಿಗೆ ಮನೆ ಕೊಡೋದು, ಅದನ್ನ ರಿಪೇರಿಯಲ್ಲಿಡೋದು ಮಾಲೀಕರ ಹೊಣೆ ಅಂತ ಹೇಳಬೇಕಾಯ್ತು. ಹಳೇ ಲೈನೊಂದರ ಹೆಂಚಿನ ಮಾಡು ಬೇಕಾದ್ದಕ್ಕಿಂತ ಕಡಿದಾಗಿದ್ದರೆ, ಮೊದಲು ಅದಕ್ಕೆ ಹುಲ್ಲು ಇತ್ತೇನೋ ಅಂತ ಅನುಮಾನ ಪಡಬಹುದು. ಹೆಂಚಿಗೆ ಅಷ್ಟು ಏರಿಕೆ ಬೇಕಿಲ್ಲ.

“ಹಾಗಾದ್ರೆ ಜನ ಮತ್ತೆ ಗುಡಿಸಲಿಗೆ ಹೋಗಬೇಕಾ?” ಅಂತ ಕೇಳೋರು ಬರ್ತಾರೆ, ಬರ್ಲಿ. ಯಾರೂ ಹೋಗಬೇಕಿಲ್ಲ. ವರ್ಷ ವರ್ಷ ಹೊದಿಸೋ ಖರ್ಚು, ಬೆಂಕಿ, ಇಲಿ, ಹಾವು ಎಲ್ಲಾ ಅನುಭವಿಸಿದವರು ಆಶ್ರಯ ಮನೆ ಸಿಕ್ಕ ದಿನ ಹಿಂದೆ ತಿರುಗಿ ನೋಡದೆ ಹೋದ್ರು. ಅದೇ ಸರಿ. ಇಲ್ಲಿ ಮಾತಾಡ್ತಾ ಇರೋದು ಅವರ ಬಗ್ಗೆ ಅಲ್ಲ, ದುಡ್ಡಿದ್ದೂ ಇಷ್ಟಪಟ್ಟು ಹುಲ್ಲು ಹೊದಿಸಿ, ಅದನ್ನೂ ನೆಟ್ಟಗೆ ಮಾಡದೇ ಇರೋರ ಬಗ್ಗೆ.

ನೆಟ್ಟಗೆ ಅಂದ್ರೆ ಹೇಗೆ? ಮೊದಲು ಹುಲ್ಲು. ಗುಡ್ಡದಲ್ಲಿ ಬೆಳೆಯೋ ಕರಡದ ಹುಲ್ಲಾದ್ರೆ ಡಿಸೆಂಬರ್–ಜನವರಿಯಲ್ಲಿ, ಬೀಜ ಉದುರಿ ಕಡ್ಡಿ ಬಲಿತ ಮೇಲೆ, ಕಾಡಿಗೆ ಬೆಂಕಿ ಬೀಳೋ ಕಾಲಕ್ಕೆ ಮುಂಚೆ ಕೊಯ್ಯಬೇಕು. ಎರಡು ಮೂರು ದಿನ ಬಿಸಿಲಿಗೆ ಹಾಕಿ, ಬುಡ ಸಮ ಮಾಡಿ ಕುಟ್ಟಿ, ತುಂಡು ಕಡ್ಡಿ, ಎಲೆ ಎಲ್ಲಾ ಕೊಡವಿ ಕಂತೆ ಕಟ್ಟಬೇಕು. ಎಲೆ ಉಳಿದ ಕಡೆಯಿಂದಲೇ ಕೊಳೆ ಶುರು. ಕರಡ ಸರಿಯಾಗಿ ಹೊದಿಸಿದರೆ ಮಧ್ಯೆ ತೇಪೆ ಹಾಕ್ಕೊಂಡು ಮೂರು ನಾಲ್ಕು ವರ್ಷ ಬರುತ್ತೆ. ಭತ್ತದ ಹುಲ್ಲು ನಮ್ಮ ಮಳೆಗೆ ಒಂದು, ಹೆಚ್ಚಂದ್ರೆ ಎರಡು ವರ್ಷ. ಅದೂ ಹಳೇ ಎತ್ತರದ ತಳಿಯ, ಕೈಯಲ್ಲಿ ಕೊಯ್ದು ಬಡಿದ ಹುಲ್ಲು. ಈಗಿನ ಗಿಡ್ಡ ತಳಿಗಳ ಹುಲ್ಲು ಉದ್ದ ಸಾಲಲ್ಲ, ಯೂರಿಯಾ ಜಾಸ್ತಿ ತಿಂದಿದ್ದು ಮೆತ್ತಗೆ, ಬೇಗ ಕೊಳೆಯುತ್ತೆ. ಇನ್ನು ಮಷೀನಿಗೆ ಕೊಟ್ಟು ಕೊಯ್ಸಿದ ಹುಲ್ಲು ಜಜ್ಜಿ ಚೂರಾಗಿರುತ್ತೆ, ಅದು ದನಕ್ಕಷ್ಟೇ ಸರಿ. ರೆಸಾರ್ಟಿನ ಮಾಡಲ್ಲಿ ಕಂಡಿದ್ದು ಅದೇ.

ಬಿದಿರು ಮೂರು ವರ್ಷ ದಾಟಿದ್ದು ಆಗಬೇಕು. ಮಳೆ ನಿಂತ ಮೇಲೆ ಚಳಿಗಾಲದಲ್ಲಿ ಕಡಿದು, ಹರಿಯೋ ನೀರಲ್ಲಿ ಎರಡು ಮೂರು ವಾರ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಬೇಕು. ನೀರಲ್ಲಿ ಅದರ ಪಿಷ್ಟ ಕರಗಿ ಹೋಗುತ್ತೆ. ಇಲ್ಲಾಂದ್ರೆ ಆರೇ ತಿಂಗಳಿಗೆ ಕುಟ್ಟೆ ಹುಳ ಹಿಡಿದು ಹಾಸಿಗೆ ಮೇಲೆ ಹಿಟ್ಟು ಉದುರುತ್ತೆ.

ಗಳಗಳು ಒಂದೂವರೆ ಅಡಿಗೊಂದು, ಅದರ ಮೇಲೆ ಅಡ್ಡಕ್ಕೆ ವಾಟೆ ಅನ್ನೋ ಸಣ್ಣ ಬಿದಿರು ಇಲ್ಲವೇ ಸೀಳಿದ ಬಿದಿರಿನ ದಬ್ಬೆ, 9 ಇಂಚಿಗೊಂದು. ಹೊದಿಕೆ ಸೂರಿನಿಂದ ಶುರು, ನೆತ್ತಿಗೆ ಮುಗಿತಾಯ. ಹುಲ್ಲಿನ ಬುಡ ಕೆಳಗೆ, ತುದಿ ಮೇಲೆ. ಪ್ರತಿ ಸಾಲಿನ ಮೇಲೂ ಒಂದು ದಬ್ಬೆ ಒತ್ತಿಟ್ಟು, ಹೊರಗೊಬ್ಬ ಒಳಗೊಬ್ಬ ನಿಂತು ಬಿದಿರಿನ ಸೂಜಿಯಲ್ಲಿ ಬಳ್ಳಿ ದಾಟಿಸಿ ಒಳಗಿನ ದಬ್ಬೆಗೆ ಬಿಗಿಯಬೇಕು. 12 ಅಡಿ ಉದ್ದದ ಮಾಡಿಗೆ ಹೀಗೆ 16 ಸಾಲು. ಯಾವ ಜಾಗದಲ್ಲಿ ಕೈ ಇಟ್ಟರೂ ನಾಲ್ಕು ಪದರ ಸಿಗಬೇಕು. ಬೇಗ ಮುಗಿಸೋ ಆಸೆಗೆ ಸಾಲುಗಳನ್ನ ಒಂದೂವರೆ ಅಡಿಗೊಂದು ಹಾಕಿದರೆ ಸಿಗೋದು ಎರಡೇ ಪದರ. ಮೊದಲ ಗಾಳಿಗೇ ಬೆಳಕಿಂಡಿ.

ಮೊದಲು ಕೈಕೊಡೋದು ನೆತ್ತಿ. ಎರಡೂ ಕಡೆಯ ಹುಲ್ಲಿನ ತುದಿ ಅಲ್ಲಿ ಸೇರೋದರಿಂದ ನೀರಿಗೆ ನೇರ ದಾರಿ. ಅಲ್ಲಿ ಹುಲ್ಲನ್ನ ಆಚೆ ಈಚೆ ಬಗ್ಗಿಸಿ ಕೂರಿಸಿ, ಅಡಿಕೆ ಹಾಳೆ ಮುಚ್ಚಿ, ಗಾಳಿಗೆ ಏಳದ ಹಾಗೆ ಜೋಡಿ ಗಳಗಳನ್ನ ಕತ್ತರಿ ಹಾಕಿ ಕೂರಿಸಬೇಕು. ಉಳಿದ ಮಾಡು ಚೆನ್ನಾಗಿದ್ದರೂ ನೆತ್ತಿಯನ್ನ ಪ್ರತಿ ವರ್ಷ ಮೇ ತಿಂಗಳೊಳಗೆ ಬಿಚ್ಚಿ ನೋಡಲೇಬೇಕು. ಈ ರೆಸಾರ್ಟಿನ ನೆತ್ತಿ ಮೇಲೆ ಹಸಿರು ಬಣ್ಣದ ತಗಡು ಮಡಚಿ ಕೂರಿಸಿದ್ದಾರೆ. ಪರಂಪರೆ!

ತಗಡು ಅಂದಾಗ ನೆನಪಾಯ್ತು. ಹುಲ್ಲಿನ ಅಡಿಯಲ್ಲೂ ತಗಡು ಇದೆ, ‘ಸೇಫ್ಟಿಗೆ’ ಅಂತ. ಹುಲ್ಲು ಒಣಗೋದು ಮೇಲಿಂದ ಮಾತ್ರ ಅಲ್ಲ, ಒಳಗಿಂದಲೂ. ಹಳೇ ಮನೆಗಳಲ್ಲಿ ಒಲೆಯ ಹೊಗೆ ಮಾಡಿನೊಳಗೇ ಸುತ್ತಿ ಹುಲ್ಲಿನ ಸಂದಿಯಿಂದ ಹೊರಗೆ ಹೋಗ್ತಿತ್ತು. ಹುಲ್ಲು ಬೆಚ್ಚಗೆ ಒಣಗಿರುತ್ತಿತ್ತು, ಮಸಿ ಹಿಡಿದ ಗಳಕ್ಕೆ ಹುಳ ಬರ್ತಿರಲಿಲ್ಲ. ಇಲ್ಲಿ ಒಲೆ ಇಲ್ಲ, ಮೇಲೆ ಜಿಪ್ಸಮ್ ಸೀಲಿಂಗು, ಅದರ ಮೇಲೆ ತಗಡು, ತಗಡಿಗೆ ಅಂಟಿದ ಹಾಗೆ ಹುಲ್ಲು. ಉಸಿರಾಡೋಕೆ ಎಲ್ಲೂ ಜಾಗ ಇಲ್ಲ. ಹಾಕಲೇಬೇಕು ಅಂದ್ರೆ ತಗಡಿಗೂ ಹುಲ್ಲಿಗೂ ನಡುವೆ ರೀಪು, ಅಂದ್ರೆ ಮರದ ಪಟ್ಟಿ, ಕೊಟ್ಟು ಕನಿಷ್ಠ 2 ಇಂಚು ಸಂದಿ ಬಿಡಿ, ಸೂರಲ್ಲೂ ನೆತ್ತಿಯಲ್ಲೂ ಗಾಳಿ ಆಡೋ ಹಾಗೆ.

ಸೂರಿನ ಕಥೆ ಕೇಳಲೇಬೇಡಿ. ಮಣ್ಣಿನ ಗೋಡೆಗೆ ಎರಡೂವರೆ ಅಡಿ ಸೂರು ಬೇಕು, ಪಡುವಣ ಗಾಳಿಗೆ ಎರಚಲು ಹೊಡೆಯೋ ಕಡೆ ಸೋಗೆ ತಟ್ಟಿ ಬೇರೆ ಕಟ್ಟಬೇಕು. ಇವರು ಒಂದಡಿ ಬಿಟ್ಟು ಅದಕ್ಕೆ ಮಳೆನೀರು ಹಿಡಿಯೋ ಪಿವಿಸಿ ದೋಣಿ ಸಿಕ್ಕಿಸಿದ್ದಾರೆ. ಹುಲ್ಲಿನ ಕಸ ತುಂಬಿ ಈಗಾಗಲೇ ಅದರಲ್ಲಿ ಗಿಡ ಹುಟ್ಟಿದೆ. ಹುಲ್ಲಿನ ಮನೆಗೆ ದೋಣಿ ಕಟ್ಟಲ್ಲ. ನೀರು ಬೀಳೋ ಗೆರೆಗೆ ಸರಿಯಾಗಿ ಕಲ್ಲು ಹಾಸಿ ಚರಂಡಿ ತೆಗೀತಾರೆ.

ಪಕ್ಕದಲ್ಲೇ ಸ್ವಾಗತ ಕೋಣೆಗೆ ಪ್ಲಾಸ್ಟಿಕ್ ಹುಲ್ಲು ಹಾಕಿದ್ದಾರೆ. ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ದೂರದಿಂದ ನೋಡಿದರೆ ಅದೇ ಚೆನ್ನಾಗಿ ಕಾಣುತ್ತೆ. ಕೊಳೆಯೋದೂ ಇಲ್ಲ. ಬಿಸಿಲಿಗೆ ಪುಡಿಯಾಗಿ ಕಾಫಿ ಗಿಡದ ಬುಡಕ್ಕೆ ಉದುರುತ್ತೆ ಅಷ್ಟೇ. ಬೆಂಕಿ ಬಿದ್ದರೆ ಕರಗಿ ತಲೆ ಮೇಲೆ ತೊಟ್ಟಿಕ್ಕುತ್ತೆ.

ಮಾಲೀಕರು ಇದನ್ನ ಓದಿದರೆ ಬೇಸರ ಮಾಡ್ಕೋಬೇಡಿ, ದಾರಿ ಎರಡಿದೆ. ಒಂದು, ಬರೋ ಬೇಸಿಗೆಯಲ್ಲಿ ಪೂರ್ತಿ ಇಳಿಸಿ ನೆತ್ತಿ ಇನ್ನೂ 3 ಅಡಿ ಏರಿಸಿ, ತಗಡು ತೆಗೆದು, ಕರಡ ತಂದು ಹೊದಿಸಿ. 10 ಕೋಣೆಗೆ ಕೋಣೆ 10 ಅಡಿ ಅಂದ್ರೂ 2400 ಚದರ ಅಡಿ ಮಾಡಾಗುತ್ತೆ, ಹುಲ್ಲಿಗೆ ಈಗಲೇ ಹೇಳಿಟ್ಟರೆ ಒಳ್ಳೇದು. ಮಧ್ಯೆ ಎರಡು ಕಡೆ ಅಡ್ಡಗೋಡೆಯನ್ನ ನೆತ್ತಿ ದಾಟಿಸಿ ಎತ್ತಿ, ಬೆಂಕಿ ಬಿದ್ದರೆ ಅಲ್ಲಿಗೇ ನಿಲ್ಲಲಿ. ಇನ್ನೊಂದು, ಈಗಿರೋ 26 ಡಿಗ್ರಿಯಲ್ಲೇ ಇಳಿಜಾರಿಗೆ ಮರದ ಪಕಾಸು, ಅಡ್ಡಕ್ಕೆ ರೀಪು ಬಲವಾಗಿ ಕೊಟ್ಟು ಮಂಗಳೂರು ಹೆಂಚು ಹಾಕಿಸಿ. ಆ ಏರಿಕೆ ಹೆಂಚಿಗೆ ಸಾಕು, ಲೈನುಗಳಿಗೆ ಆಗಿದ್ದೂ ಅದೇ. ಹೆಂಚು ಹಾಕಿದರೆ ಫೋಟೊ ಚೆನ್ನಾಗಿ ಬರಲ್ಲ ಅಂತೀರೇನೋ. ಆಗಸ್ಟಲ್ಲಿ ಈ ಹುಲ್ಲಿನ ಫೋಟೊ ತೆಗೆದು ನೋಡಿ, ಆಮೇಲೆ ಮಾತಾಡೋಣ.